ಜೌಗಿನಂಚಿನ ಗೋಡೆ

ಮೊದಲ ಏಟಿಗೆ ಗೋಡೆ ಜಗ್ಗಲಿಲ್ಲ. ಎರಡನೆಯದಕ್ಕೆ ಕಲ್ಲಿನ ಚೂರೊಂದು ಸಿಡಿದು ತಮ್ಮನ ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿದರೂ ಅವನು ಸುತ್ತಿಗೆ ಕೆಳಗಿಡಲಿಲ್ಲ.

“ನಮ್ಮಣ್ಣ ಇದರೊಳಗಿದಾನೆ! ಅತ್ತಿಗೆಯೂ ಈ ಮೇಸ್ತ್ರಿಯೂ ಸೇರಿ ಅವನನ್ನ ಮುಗಿಸಿ, ಹೂತು ಹಾಕಿದಾರೆ!”

ಹಿತ್ತಲಿನ ಮೇಲ್ಭಾಗದಲ್ಲಿ ಅಕ್ಕಪಕ್ಕದವರು ಗುಂಪುಗೂಡಿದ್ದರು. ಯಾರೂ ತಡೆಯಲು ಇಳಿಯಲಿಲ್ಲ. ಹನ್ನೆರಡು ದಿನದಿಂದ ಅವರೂ ಗುಸುಗುಸು ಮಾತಾಡಿಕೊಂಡಿದ್ದು ಇದನ್ನೇ.

ಆ ಮನೆಯ ಹಿತ್ತಲು ಇಳಿಜಾರಾಗಿ ಹೋಗಿ ಜೌಗಿನಲ್ಲಿ ಕೊನೆಯಾಗುತ್ತಿತ್ತು. ಎರಡು ಮಳೆಗಾಲದಲ್ಲಿ ಎರಡು ತಡೆಗೋಡೆ ಅಡ್ಡ ಮಲಗಿದ್ದವು. ಮೂರನೆಯದಕ್ಕೆ ಅಣ್ಣ ಹುಡುಕಿ ತಂದದ್ದು ಈ ಮೇಸ್ತ್ರಿಯನ್ನು. ಮಾತು ಕಡಿಮೆ, ಹಠ ಜಾಸ್ತಿ. “ಗೋಡೆ ಬೀಳಿಸೋದು ಮಣ್ಣಲ್ಲ ಸಾರ್, ಅದರ ಬೆನ್ನಿಗೆ ನಿಂತ ನೀರು” ಎಂದು, ಗಟ್ಟಿ ನೆಲ ಸಿಗುವವರೆಗೆ ಪಾಯ ತೋಡಿಸಿದ. ಗೋಡೆಯನ್ನು ಒಂದಿಷ್ಟು ದಿಬ್ಬದ ಕಡೆಗೇ ವಾಲಿಸಿ ಕಟ್ಟಿದ. ಬುಡದಲ್ಲಿ ಮಾರಿಗೊಂದು ನೀರು ಹೋಗುವ ತೂತು ಬಿಟ್ಟ. ಗೋಡೆಗೂ ದಿಬ್ಬಕ್ಕೂ ನಡುವೆ ಎರಡಡಿ ಅಗಲದ ಕಂದಕ. ಅದಕ್ಕೆ ಮಣ್ಣು ಸೋಕಿಸದೆ ಬರೀ ದಪ್ಪ ಜಲ್ಲಿ ತುಂಬಬೇಕೆಂದ.

ತಮ್ಮನಿಗೆ ಇದ್ಯಾವುದೂ ಹಿಡಿಸಿರಲಿಲ್ಲ. ಗೋಡೆಯನ್ನು ಇಪ್ಪತ್ತಡಿ ಮುಂದಕ್ಕೆ ತಳ್ಳಿ, ಜೌಗು ಮುಚ್ಚಿ, ಅಲ್ಲೊಂದು ಗೋದಾಮು ಎಬ್ಬಿಸುವ ಆಸೆ ಅವನದು. “ಜೌಗು ನಮ್ಮಪ್ಪಂದಲ್ಲ ಕಣೋ. ನೀರಿಗೂ ಕೂರೋಕೆ ಜಾಗ ಬೇಡ್ವಾ?” ಎಂದಿದ್ದ ಅಣ್ಣ. ಮನೆಮನೆಯಲ್ಲೂ ಆಗುವಂಥ ಜಗಳ. ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಒಟ್ಟಿಗೆ ಊಟಕ್ಕೆ ಕೂತರು.

ಆಮೇಲೊಂದು ಭಾನುವಾರ, ಕೆಲಸಕ್ಕೆ ರಜೆ ಇದ್ದ ದಿನ, ಅಣ್ಣ ಕಾಣೆಯಾದ.

ಅತ್ತಿಗೆಯ ರೀತಿ ಯಾರಿಗೂ ಸರಿಬರಲಿಲ್ಲ. ಕೇಳಿದವರಿಗೆ “ಎಲ್ಲೋ ಹೋಗಿದಾರೆ, ಬರ್ತಾರೆ” ಎಂದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಸೋಮವಾರ ಬೆಳಗ್ಗೆಯೇ ಅವಳು ಮೇಸ್ತ್ರಿಗೆ “ಇವತ್ತೇ ತುಂಬಿಸಿಬಿಡಿ” ಎಂದದ್ದನ್ನು ಪಕ್ಕದ ಮನೆಯಾಕೆ ಕಿವಿಯಾರೆ ಕೇಳಿದ್ದಳು. ಸಂಜೆಯೊಳಗೆ, ಅರ್ಧಕ್ಕೆ ನಿಂತಿದ್ದ ಕಂದಕಕ್ಕೆ ಪೂರ್ತಿ ಜಲ್ಲಿ ತುಂಬಿತು, ಮೇಲೆ ಮಣ್ಣು ಬಿತ್ತು. ಆಮೇಲೆ ದಿನಾ ಬೆಳಗ್ಗೆ ಚೀಲ ಹಿಡಿದು ಹೊರಟವಳು ಬರುತ್ತಿದ್ದದ್ದು ಸಂಜೆಗೆ. ಒಂದೆರಡು ಸಲ ಮೇಸ್ತ್ರಿಯ ಸ್ಕೂಟರಿನ ಹಿಂದೆ ಕೂತು. ಊರ ಬಾಯಿಗೆ ಅಷ್ಟು ಸಾಕಾಗಿತ್ತು.

“ಬುಡಕ್ಕೆ ಹೊಡೀಬೇಡಿ ಸಾರ್! ದಿಬ್ಬ ನಿಮ್ಮ ಮೇಲೇ ಕುಸಿಯುತ್ತೆ!”

ಮೇಸ್ತ್ರಿ ಓಡಿಬಂದು ಸುತ್ತಿಗೆಯ ಕಾವಿಗೆ ಕೈ ಹಾಕಿದ. ತಮ್ಮ ಮೊಣಕಾಲೆತ್ತಿ ಅವನ ಹೊಟ್ಟೆಗೆ ಗುದ್ದಿದ. ಬಗ್ಗಿದವನ ಭುಜದ ಮೇಲೆ ಸುತ್ತಿಗೆ ಇಳಿಸಿದ. ಮೂಳೆ ಮುರಿದ ಸದ್ದು ಮೇಲೆ ನಿಂತವರಿಗೂ ಕೇಳಿಸಿತು. ಅಡ್ಡ ಬಂದ ಅತ್ತಿಗೆಯ ಕೂದಲು ಹಿಡಿದೆಳೆದು ಮುಖ ಅಡಿಯಾಗಿ ಕೆಸರಿಗೆ ಕೆಡವಿದ.

“ಇರು, ನಿನ್ನ ಬಂಡವಾಳ ಎಲ್ಲರಿಗೂ ತೋರಿಸ್ತೀನಿ!”

ಅಷ್ಟರಲ್ಲಿ ಇನ್ಸ್‌ಪೆಕ್ಟರ್ ಇಬ್ಬರು ಕಾನ್‌ಸ್ಟೇಬಲ್‌ಗಳೊಂದಿಗೆ ಹಿತ್ತಲಿಗೆ ಓಡಿಬಂದರು. ಒಬ್ಬ ಸುತ್ತಿಗೆ ಕಸಿದುಕೊಂಡ. ಇನ್ನೊಬ್ಬ ನರಳುತ್ತಿದ್ದ ಮೇಸ್ತ್ರಿಗೆ ಆಸರೆ ಕೊಟ್ಟು ಕೂರಿಸಿದ.

“ಅಗೆಸಿ ಸಾರ್! ಹೆಣ ಸಿಗದಿದ್ರೆ ನನ್ನನ್ನೇ ಒಳಗೆ ಹಾಕಿ!”

“ಇಷ್ಟುದ್ದ ಗೋಡೆ. ಎಲ್ಲಿ ಅಂತ ಅಗೆಯೋದು?”

“ಇಲ್ಲಿ, ಮೂರನೇ ತೂತಿನ ಹಿಂದೆ. ಮೂಗಿಟ್ಟು ನೋಡಿ, ವಾಸನೆ ಬರ್ತಿದೆ.”

ಮೇಲಿದ್ದವರು ಕೂಡಲೇ ಮೂಗು ಮುಚ್ಚಿಕೊಂಡರು. ಇನ್ಸ್‌ಪೆಕ್ಟರ್ ಅತ್ತಿಗೆಯ ಕಡೆ ತಿರುಗಿದರು. ಅವಳು ತುಟಿಯ ಮೇಲಿನ ಕೆಸರು ಒರೆಸಿಕೊಂಡಳು.

“ಅಗೆಯಲಿ ಬಿಡಿ.”

“ಹಾಗಾದ್ರೆ ನೀವೇ ಅಗೆದು ತೋರಿಸಿ” ಎಂದು ಇನ್ಸ್‌ಪೆಕ್ಟರ್ ತಮ್ಮನಿಗೆ ಗುದ್ದಲಿ ಕೊಡಿಸಿದರು.

ಅವನು ದಿಬ್ಬ ಹತ್ತಿ ಮೇಲಿನಿಂದ ಅಗೆಯತೊಡಗಿದ. ಮಣ್ಣು ಸರಿಯಿತು, ಜಲ್ಲಿ ಬಂತು. ಗುದ್ದಲಿ ಬಿಸಾಡಿ ಎರಡೂ ಕೈಯಲ್ಲಿ ಬಾಚಿ ಬಾಚಿ ಎಸೆದ. ಬೆರಳ ತುದಿ ಒಡೆದು ಕಲ್ಲುಗಳು ಕೆಂಪಾದವು. ಉಗುರೊಂದು ಕಿತ್ತುಬಂತು. ಸೊಂಟದಾಳ ಇಳಿದ, ಎದೆಯಾಳ ಇಳಿದ. ಬುಡದ ತೂತು ಕಂಡಿತು.

ಮತ್ತೇನೂ ಇರಲಿಲ್ಲ.

ಅವನು ಎಡಕ್ಕೆ ಕೆದಕಿದ, ಬಲಕ್ಕೆ ಕೆದಕಿದ. ಹುಚ್ಚನಂತೆ ಕೂಗಿದ. “ಇಲ್ಲ, ಇಲ್ಲೇ ಇದ್ದ! ತಲೆ ಆ ಕಡೆ, ಕಾಲು ಈ ಕಡೆ… ಇಲ್ಲೇ ಇದ್ದ!”

ಮೂಗು ಮುಚ್ಚಿದ್ದ ಕೈಗಳು ಒಂದೊಂದಾಗಿ ಕೆಳಗಿಳಿದವು.

ಮೊದಲು ಬಾಯಿ ಬಿಟ್ಟವನು ಮೇಸ್ತ್ರಿ. ನೋವಿಗೆ ಅವನ ಹಲ್ಲು ಕಟಕಟಿಸುತ್ತಿತ್ತು. “ಹೊಸ ಗೋಡೆಗೆ ರಜೆ ದಿನವೂ ನೀರು ಹಾಕ್ಬೇಕು ಸಾರ್. ಆ ಭಾನುವಾರ ಸಂಜೆ ಬಂದು ಹಾಕಿದೆ. ಎಲ್ಲಾ ತೂತಿಂದ ನೀರು ಬಂತು. ಮೂರನೇದ್ರಿಂದ ಕೆಂಪಗೆ ಬಂತು. ಅಮ್ಮಾವ್ರನ್ನ ಕೂಗಿ ಕರೆದು ಇಬ್ರೂ ಬಗೆದ್ವಿ. ಮಣ್ಣು ಹಾಕಿ ಮುಚ್ಚಿದ್ರೆ ಉಸಿರು ನಿಲ್ತಿತ್ತು. ಜಲ್ಲಿ ನೋಡಿ, ಸಂದೀಲಿ ಗಾಳಿ ಆಡ್ತಿತ್ತು.”

ಅತ್ತಿಗೆ ಹನ್ನೆರಡು ದಿನದಿಂದ ತಡೆದಿಟ್ಟಿದ್ದ ಅಳು ಒಮ್ಮೆಲೇ ಕಟ್ಟೆಯೊಡೆಯಿತು. ಹೊಂಡದೊಳಗೆ ನಿಂತಿದ್ದ ತಮ್ಮನಿಗೆ ಇನ್ಸ್‌ಪೆಕ್ಟರ್ ಕೈ ಚಾಚಿದರು. ಅವನು ಹಿಡಿದ ಕೂಡಲೇ ಮಣಿಕಟ್ಟಿಗೆ ಬೇಡಿ ಬಿತ್ತು.

“ನಿಮ್ಮಣ್ಣ ಆಸ್ಪತ್ರೆಯಲ್ಲಿ ಎದ್ದು ಕೂತಿದಾರೆ. ಏಟು ಹಿಂದಿನಿಂದ ಬಿದ್ದಿದ್ದು, ಹೊಡೆದವರ ಮುಖ ಅವರು ನೋಡ್ಲಿಲ್ಲ. ಅದಕ್ಕೇ ಬದುಕಿರೋ ಸುದ್ದಿ ಮುಚ್ಚಿಟ್ವಿ. ಯಾರು ಅಂತ ನಮಗೂ ಗೊತ್ತಾಗಿದ್ದು ಈಗಲೇ.”