ಹಸುವಿನ ಹೊಟ್ಟೆಯಲ್ಲಿ ಅಯಸ್ಕಾಂತ

"ಅದು ಪಿನ್ನ ಹಿಡೀತದಾ ಮೇಡಂ? ಹೊಟ್ಟೆಯೊಳಗೆ ಎಲ್ಲಾ ಓಡಾಡ್ತಾ ಇರ್ತದಲ್ಲ!" ಬಾಲಾಜಿ ಇದನ್ನು ಕೇಳುತ್ತಿರುವುದು ನಾಲ್ಕನೇ ಸಲ. ದನದ ಡಾಕ್ಟರ್ ವರಲಕ್ಷ್ಮಿ ಬೆರಳುದ್ದದ ಅಯಸ್ಕಾಂತವೊಂದನ್ನು ಆಗತಾನೇ ಹಸುವಿನ ಗಂಟಲಿಗೆ ಇಳಿಸಿ ಕೈ ತೊಳೆಯುತ್ತಿದ್ದರು.

ತಪ್ಪು ಅವನದೇ. ಹಸು ಬೆಚ್ಚಗೆ ಮಲಗಲಿ ಅಂತ ತಾನು ಕೆಲಸ ಮಾಡುವ ಹೊಸೂರಿನ ಫ್ಯಾಕ್ಟರಿಯಿಂದ ರಟ್ಟಿನ ಪೆಟ್ಟಿಗೆಗಳನ್ನು ಬೈಕಿನಲ್ಲಿ ತನ್ನೂರು ಬೇರಿಕೆಗೆ ಹೇರಿಕೊಂಡು ಬಂದು ಕೊಟ್ಟಿಗೆಗೆ ಹಾಸಿದ್ದ. ಅವುಗಳ ದಪ್ಪ ಪಿನ್ನುಗಳನ್ನು ಕೀಳುವಷ್ಟು ಬುದ್ಧಿ ಮಾತ್ರ ಬರಲಿಲ್ಲ. ಹಸು ರಟ್ಟನ್ನು ಪಿನ್ನಿನ ಸಮೇತ ಮೆದ್ದಿತ್ತು. ಎರಡು ದಿನದಿಂದ ಮೇವು ಮುಟ್ಟಿಲ್ಲ, ಬೆನ್ನು ಗೂನು ಮಾಡಿಕೊಂಡು ನರಳುತ್ತದೆ. ಪಿನ್ನು ಚುಚ್ಚಿಕೊಂಡು ಮುಂದೆ ಹೋದರೆ ಅಲ್ಲಿರುವುದು ಗುಂಡಿಗೆ.

"ಡಿಪ್ಲೊಮಾದಲ್ಲಿ ನಮ್ಮ ಸಾರ್ ಹೇಳಿದ್ರು ಮೇಡಂ. ಓಡೋ ವಿದ್ಯುತ್ ಕಣಾನ ಅಯಸ್ಕಾಂತ ತನ್ನ ಕಡೆಗೆ ಎಳ್ಕೊಳ್ಳಲ್ಲ, ಬರೀ ದಾರಿ ತಿರುಗಿಸ್ತದೆ ಅಂತ."

"ಅದು ಕಣದ ಮಾತಪ್ಪ. ಇದು ಕಬ್ಬಿಣ." ಡಾಕ್ಟರ್ ಚೀಲದಿಂದ ಇನ್ನೊಂದು ಅಯಸ್ಕಾಂತ ತೆಗೆದು ಹಿಡಿದು, ಅದರ ಪಕ್ಕಕ್ಕೇ ಒಂದು ಪಿನ್ನು ಎಸೆದರು. ಪಿನ್ನು ನೆಲಕ್ಕೆ ಬೀಳಲೇ ಇಲ್ಲ, ಓರೆಯಾಗಿ ಹಾರಿ ಬಂದು ಟಕ್ಕನೆ ಕಚ್ಚಿಕೊಂಡಿತು. "ಎಳೀತಾ ಇಲ್ವಾ? ಆದ್ರೆ ಈಗಾಗ್ಲೇ ಗುಂಡಿಗೆಗೆ ಚುಚ್ಚಿಬಿಟ್ಟಿದ್ರೆ ಅದು ನನ್ನ ಕೈಲಿಲ್ಲ" ಅಂದು ಹೊರಟರು.

ಬಾಲಾಜಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಶಿಫ್ಟಿಗೂ ಹೋಗಲಿಲ್ಲ. ಗಳಿಗೆಗೊಮ್ಮೆ ಫೋನಿನ ದಿಕ್ಸೂಚಿಯನ್ನು ಹಸುವಿನ ಎಡಪಕ್ಕೆಗೆ ಹಿಡಿಯುತ್ತಿದ್ದ. ಮುಳ್ಳು ಉತ್ತರ ಬಿಟ್ಟು ಹಸುವಿನ ಕಡೆಗೇ ತಿರುಗುತ್ತಿತ್ತು. ಅಯಸ್ಕಾಂತವೇನೋ ಅಲ್ಲಿದೆ, ಹಾಳು ಪಿನ್ನು ಎಲ್ಲಿದೆ ಅಂತ ಯಾವ ಫೋನು ಹೇಳೀತು?

"ಒಂದು ಕಡೆ ಕೂತ್ಕಳ್ಲಾ! ನಿನ್ನ ನೋಡಿ ನೋಡಿ ನಂಗೇ ತಲೆ ತಿರುಗ್ತಾ ಐತೆ" ಎಂದು ಅವ್ವ ಮುನಿರತ್ನಮ್ಮ ಗದರಿದಳು.

ಮೂರನೇ ದಿನ ಬೆಳಗ್ಗೆ ಅವನು ಹಿಡಿದ ಹಸಿಹುಲ್ಲನ್ನು ಹಸು ಮೂಸಿ ನೋಡಿತು. ಆಮೇಲೆ ನಾಲಿಗೆ ಚಾಚಿ ಎಳೆದುಕೊಂಡಿತು.

"ಅವ್ವಾ! ತಿಂತು ಕಣವ್ವಾ!"

ಮುನಿರತ್ನಮ್ಮ ಓಡಿಬಂದು ಹಸುವಿನ ಕತ್ತು ತಬ್ಬಿಕೊಂಡು ಅತ್ತೇಬಿಟ್ಟಳು. ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಇನ್ನು ಆ ಅಯಸ್ಕಾಂತಾನ ಈಚೆಗೆ ತೆಗೆಯೋದು ಯಾವಾಗಂತೆ?" ಅಂದಳು.

"ತೆಗೆಯಂಗಿಲ್ವಂತೆ ಅವ್ವ. ಪಿನ್ನ ಹಿಡ್ಕಂಡು ಒಳಗೇ ಇರ್ತದಂತೆ, ಸಾಯೋಗಂಟ."

"ಅಂಗಾದ್ರೆ ನೀನು ಮಾಡಿದ್ದನ್ನ ಇದು ಸಾಯೋಗಂಟ ಹೊತ್ಕಂಡು ತಿರುಗ್ಬೇಕು ಅನ್ನು."

ಹಸು ಬಾಲಾಜಿಯ ಖಾಲಿ ಕೈಯನ್ನು ನೆಕ್ಕುತ್ತ ಇನ್ನಷ್ಟು ಹುಲ್ಲು ಕೇಳುತ್ತಿತ್ತು.