ಬೇಲಿಯೊಳಗಿನ ಮರ

ತಂತಿಬೇಲಿ ಕತ್ತರಿಸಿ ಬಿದ್ದಿತ್ತು. ಮರವಿದ್ದ ಜಾಗದಲ್ಲಿ ಮೊಣಕಾಲೆತ್ತರದ ಮೋಟು ಮಾತ್ರ ಉಳಿದಿತ್ತು. ಪುಟ್ಟರಾಜು ಅದನ್ನು ತಬ್ಬಿಕೊಂಡು ಕೂತುಬಿಟ್ಟ.

ಎಂಟು ವರ್ಷದ ಶ್ರೀಗಂಧ. ಮಗಳು ವಾಣಿ ಹುಟ್ಟಿದ ವಾರ ನರ್ಸರಿಯಿಂದ ತಂದದ್ದು. ಗಂಧದ ಬೇರಿಗೆ ಇನ್ನೊಂದು ಗಿಡದ ಆಸರೆ ಬೇಕೇ ಬೇಕು ಎಂದು ನರ್ಸರಿಯವನು ಯಾವುದೋ ಕಾಡುಜಾತಿಯ ಜೊತೆ ಗಿಡವನ್ನೂ ಕೊಟ್ಟಿದ್ದ. ಅವತ್ತು ಪುಟ್ಟರಾಜುವಿಗೆ ತಾಂಡ್ಯದ ಫ್ಯಾಕ್ಟರಿ ಶಿಫ್ಟಿಗೆ ಹೊತ್ತಾಗಿತ್ತು. ಎರಡನ್ನೂ ಅಕ್ಕಪಕ್ಕ ನೆಟ್ಟವಳು ಹೆಂಡತಿ ದೇವೀರಮ್ಮ. ಸಂಜೆ ಬಂದವನೇ ಇವನು ಗಂಧಕ್ಕೆ ಬೇಲಿ ಹಾಕಿದ.

ಬಾಯಿಗೆ ಮಾತ್ರ ಬೇಲಿ ಹಾಕಲಿಲ್ಲ. ತನ್ನೂರು ಹೆಮ್ಮರಗಾಲದಿಂದ ತಾಂಡ್ಯದವರೆಗೆ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಗಂಧದ ಮರದ್ದೇ ಕಥೆ. ಹಾಗೆ ನೋಡಿದರೆ ಈ ಮಹಾಶಯ ಅದಕ್ಕೂ ಮೊದಲು ಗಂಧವನ್ನು ಕಂಡಿದ್ದು ಸೋಪಿನಲ್ಲಿ ಮತ್ತು ಹಣೆಯ ಮೇಲೆ ಅಷ್ಟೇ.

ಬಗ್ಗಿ ಮೋಟನ್ನು ಮೂಸಿದ. ಯಾವ ವಾಸನೆಯೂ ಬರಲಿಲ್ಲ. ಅತ್ತು ಅತ್ತು ಮೂಗು ಕಟ್ಟಿತ್ತು, ಪಾಪ.

ದೇವೀರಮ್ಮ ಪಕ್ಕದ ಮರಕ್ಕೆ ಕಟ್ಟಿದ ಹಗ್ಗದ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಕಣ್ಣಲ್ಲಿ ಹನಿ ನೀರಿಲ್ಲ. ಆ ಮರದ ತುಂಬ ಪಿಕಳಾರ, ಕೋಗಿಲೆಗಳ ಗಲಾಟೆ. ಕರಿ ಹಣ್ಣು ತಿಂದು ಪುಟ್ಟರಾಜುವಿನ ಡ್ಯೂಟಿ ಅಂಗಿಯ ಮೇಲೆ ಬೀಜ ಉದುರಿಸುತ್ತಿದ್ದವು.

“ಕಡೀಬೇಕಾಗಿದ್ದು ಆ ದರಿದ್ರದ ಮರಾನ,” ಅವನು ಬಿಕ್ಕಿದ. “ಕಳ್ಳರ ಕಣ್ಗೆ ಅದು ಬೀಳ್ನಿಲ್ವಲ್ಲ.”

“ಅದೇ ನಮ್ಮ ಪುಣ್ಯ,” ಎಂದಳು ದೇವೀರಮ್ಮ.

ಅವನಿಗೆ ಮೈಯೆಲ್ಲ ಉರಿಯಿತು. “ವಾಣಿ ಸ್ಕೂಲಿಂದ ಬಂದು, ಅಪ್ಪ ನನ್ ಮರ ಎಲ್ಲಿ ಅಂದ್ರೆ ಏನೇಳ್ಲಿ? ನಂಜನಗೂಡ್ಗೆ ಓಗಿ ಕಂಪ್ಲೇಂಟ್ ಕೊಡ್ತೀನಿ.”

“ಬ್ಯಾಡಿ. ಅಲ್ಲೂ ಮಾತು ಶುರು ಮಾಡ್ಕತೀರಿ.”

ಪುಟ್ಟರಾಜು ಮೆಲ್ಲಗೆ ಎದ್ದು ನಿಂತ. ಹನ್ನೆರಡು ವರ್ಷ ಸಂಸಾರ ಮಾಡಿದ ಹೆಂಡತಿಯನ್ನು ಮೊದಲ ಸಲ ಅನುಮಾನದಿಂದ ನೋಡಿದ. “ಯಾರು ಕಡಿದ್ರು ಅಂತ ನಿಂಗೆ ಗೊತ್ತಾ?”

“ಗೊತ್ತಿಲ್ಲ. ಯಾರೋ ಪಾಪ, ನಿಮ್ ಮಾತು ನಂಬ್ಕಂಡು ಬಂದೋರು.”

ದೇವೀರಮ್ಮ ಕೊನೆಯ ಅಂಗಿಯನ್ನು ಒದರಿ ಹಗ್ಗಕ್ಕೆ ಹಾಕಿದಳು. ಅತ್ತಿತ್ತ ನೋಡಿ, ಗಂಡನ ಹತ್ತಿರ ಬಂದು, ದನಿ ತಗ್ಗಿಸಿದಳು.

“ನೀವು ಊರಿಗೆಲ್ಲ ಸಾರ್ತೀರಿ ಅಂತ ಗೊತ್ತಿತ್ತು, ಅದ್ಕೇ ಅವತ್ತು ಜೊತೆ ಗಿಡ ತೋರ್ಸಿ ಬೇಲಿ ಆಕ್ಸ್ದೆ ಕಣ್ರೀ; ನಿಮ್ಮಂಗಿ ಒಣಗ್ತಿರೋದು ಗಂಧದ ಮರದಲ್ಲಿ.”