ಮೂರನೆಯ ಬೆರಳು

ಇತ್ತ ಗಾಜಿನ ಮೇಲೆ ಬೆರಳಿಟ್ಟರೆ ಅತ್ತಲಿನ ಗಾಜಿನಿಂದ ಬೆಚ್ಚನೆಯ ಬೆರಳು ಮೂಡಿಬರುವ ಫೋನುಗಳು ಬಂದು ವರ್ಷಗಳಾಗಿದ್ದವು. ಅವುಗಳಿಗೆ ಆ್ಯಪ್ ಬರೆಯುತ್ತಿದ್ದ ದಾವಣಗೆರೆಯ ಫರ್ಜಾನಾಗೆ ಒಂದು ಬೆಳಿಗ್ಗೆ ನಾಗಪುರದ ಢಾಬಾವೊಂದರಿಂದ ಕರೆ ಬಂತು.

"ಮೇಡಂ, ನಾ ಲಾರಿ ಡ್ರೈವರ್ ಶಿವಪುತ್ರ ರೀ. ಗೋಕಾಕದಾಗ ನನ್ನ ಕೂಸು ಐತಿ. ನಾ ಕೈ ಇಟ್ಟಕೂಡ್ಲೆ ಚೀರತಾಳ. ಅಪ್ಪನ ಗುರುತೇ ಸಿಗವಲ್ದೇನ್ರೀ ಅಕಿಗೆ?"

ಅವನದು ಒಮ್ಮೆಗೆ ಎರಡೇ ಬೆರಳನ್ನು ಗುರುತಿಸುವ ಹಳೆಯ ಫೋನು. ಫರ್ಜಾನಾ ಅಂಥದ್ದೇ ಒಂದನ್ನು ಕಪಾಟಿನಿಂದ ತೆಗೆದು, ಅದರ ಮೇಲೆ ಬಲಗೈ ಬೆರಳುಗಳನ್ನು ಒಂದೊಂದಾಗಿ ಊರುತ್ತಾ, ಜೋಡಿಸಿದ ಇನ್ನೊಂದು ಫೋನಿನ ಮೇಲೆ ಎಡಗೈ ಇಟ್ಟಳು. ಮೂರನೆಯ ಬೆರಳು ತಾಕಿದೊಡನೆ ಆ್ಯಪ್ ಗಲಿಬಿಲಿಗೊಂಡು ಎಡಗೈಗೆ ಸಿಕ್ಕಿದ್ದ ಎಲ್ಲ ಬೆರಳುಗಳನ್ನೂ ಕಿತ್ತುಕೊಂಡಿತು. ಅವಳೇ ಬೆಚ್ಚಿದಳು.

"ಗುರುತು ಸಿಗದೆ ಅಲ್ಲ ಅಣ್ಣಾ. ನೀವು ಕೈ ಬಿಡಿಸಿಕೊಂಡು ಹೋದ ಹಾಗೆ ಆಗ್ತಿದೆ ಮಗೂಗೆ."

ಎಷ್ಟೇ ಬೆರಳು ತಾಕಿದರೂ ಮೊದಲೆರಡನ್ನು ಬಿಡದಂತೆ ಆ್ಯಪ್ ತಿದ್ದಿ, ಮಧ್ಯಾಹ್ನವೇ ಅವನಿಗೆ ಕಳಿಸಿದಳು.

ಸಂಜೆ ಢಾಬಾದವರ ಫೋನಿನಿಂದ ಶಿವಪುತ್ರ ಪಿಸುಗುಟ್ಟಿದ: "ಮೇಡಂ, ಬೆರಳು ಹಿಡಕೊಂಡು ಮಲಗ್ಯಾಳ್ರೀ. ಲೋಡ್ ತಗೊಂಡು ಹೊಂಡಬೇಕು, ಬಿಡವಲ್ಲಳು. ಏನ್ ಮಾಡ್ಲಿ?"



"ಇನ್ನೊಂದು ಚಾ ಹೇಳಿ ಅಣ್ಣಾ," ಎಂದಳು ಫರ್ಜಾನಾ.